ಅರ್ಧ ಮಾತ್ರೆ, ಇಡೀ ಅಟ್ಟ

ಹಂದನಕೆರೆಯ ಚಿಕ್ಕಗೌರಮ್ಮನ ರಾಜ್ಯ ಇದ್ದದ್ದು ಮನೆಯ ಅಟ್ಟದ ಮೇಲೆ. ಅಲ್ಲಿ ಒಣಗಲು ಹಾಕಿದ ತೆಂಗಿನಕಾಯಿಗಳ ನಡುವೆ ಕೂತು, ಒಂದೊಂದನ್ನೂ ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಕಳಚಿ ಗುಡುಗುಡು ಎಂದರೆ ಮಾತ್ರ ಕೆಳಗಿಳಿಸಲು ಅಪ್ಪಣೆ ಕೊಡುವಳು. ಅಂಥ ಕಿವಿ ಸೀಮೆಯಲ್ಲೇ ಇನ್ನೊಂದಿಲ್ಲವೆಂದು ಕೇಳಿದವರಿಗೆ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು.

ಎಪ್ಪತ್ತೊಂಬತ್ತನೇ ಇಸವಿಯ ಯುಗಾದಿ ಕಳೆದ ಮೇಲೆ ಈ ರಾಜ್ಯಕ್ಕೆ ಸಂಚಕಾರ ಬಂತು. ಏಣಿ ಹತ್ತಿದವಳು ಅಟ್ಟದ ಕಿಂಡಿಯಲ್ಲಿ ಸೊಂಟದವರೆಗೆ ಹೋಗಿ ಸಿಕ್ಕಿಕೊಂಡಳು. ಮೇಲಿನರ್ಧ ಕೂಗುತ್ತಿತ್ತು, ಕೆಳಗಿನರ್ಧ ಏಣಿ ಒದೆಯುತ್ತಿತ್ತು. ಗಂಡ ಮಾಯಣ್ಣ ಕಾಲು ಹಿಡಿದು ಎಳೆದ. ನಾಲ್ಕು ಜನರೆದುರು ಅವನು ಹೆಂಡತಿಯ ಕಾಲು ಹಿಡಿದದ್ದು ಅದೇ ಮೊದಲು.

"ಅಕ್ಕಾ, ಇನ್ಮೇಲೆ ನಾನೇ ಹತ್ತೀನಿ ಬುಡಿ. ಕಾಯಿ ಅಲ್ಲಾಡ್ಸಕ್ಕೆ ಅದೇನ್ ವಿದ್ಯೆ ಬೇಕು?" ಎಂದಳು ವಾರಗಿತ್ತಿ ಓಬಮ್ಮ.

"ದೀಪಾವಳಿ ತಂಕ ತಡ್ಕೊಳೇ! ಅಷ್ಟ್ರಲ್ಲಿ ನಾನ್ ಹತ್ತದಿದ್ರೆ ಅಟ್ಟ ನಿಂದೇ."

ಮಾತು ಆಡಿದ್ದಾಯಿತು. ಮಾರನೆಯ ದಿನವೇ ತಿಪಟೂರಿನ ಡಾಕ್ಟರ ಮುಂದೆ ಹೋಗಿ ಕೂತಳು. ಅವರು ತೂಕ ನೋಡಿ, ಬಿ.ಪಿ. ನೋಡಿ, ಹಸಿವು ತಗ್ಗಿಸುವ ಸಣ್ಣ ಮಾತ್ರೆ ಬರೆದರು. ಬೆಳಿಗ್ಗೆ ಅರ್ಧ, ಅಷ್ಟೇ.

ಇಷ್ಟು ದೊಡ್ಡ ಮೈಗೆ ಅರ್ಧ ಮಾತ್ರೆಯೇ? ಚಿಕ್ಕಗೌರಮ್ಮನಿಗೆ ಅವಮಾನವೇ ಆಯಿತು. ಆದರೂ ನುಂಗಿದಳು. ಮೂರು ಮುದ್ದೆ ಒಂದಕ್ಕೆ ಇಳಿಯಿತು. ತೂಕದ ಮುಳ್ಳು ಮಾತ್ರ ಇದ್ದಲ್ಲೇ ಇತ್ತು.

ಮುಂದಿನ ತಿಂಗಳು ಡಾಕ್ಟರು ಗದರಿದರು: "ಇನ್ನೇನು ತಿಂತೀರ, ನಿಜ ಹೇಳಿ."

"ದೇವ್ರಾಣೆ, ಒಂದ್ ಮುದ್ದೆ ಬಿಟ್ರೆ ಏನೂ ಇಲ್ಲ ಸ್ವಾಮಿ," ಎನ್ನುತ್ತ ಅವಳು ಸೆರಗಿನ ಗಂಟಿನಿಂದ ಚೂರೊಂದನ್ನು ತೆಗೆದು ಬಾಯಿಗೆ ಹಾಕಿಕೊಂಡಳು.

"ಅದೇನು?"

"ಇದಾ? ಕೊಬ್ಬರಿ."

"ದಿನಕ್ಕೆಷ್ಟು?"

"ಇದನ್ಯಾರ್ ಲೆಕ್ಕ ಇಡ್ತಾರೆ ಸ್ವಾಮಿ? ಕಾಯಿ ಒಡೀವಾಗ ಒಂದ್ ಚೂರು, ಕಸ ಗುಡ್ಸೋವಾಗ ಒಂದ್ ಚೂರು, ಬೆಲ್ಲ ಕೈಗೆ ಸಿಕ್ರೆ ಅದ್ರ ಜತೆ... ಊಟ ಅಲ್ವಲ್ಲ!"

ನಮ್ಮ ಸೀಮೆಯಲ್ಲಿ ಕೊಬ್ಬರಿಯನ್ನು ಯಾರೂ ತಿನ್ನುವುದಿಲ್ಲ. ಅದು ಬಾಯಲ್ಲಿರುತ್ತದೆ, ಅಷ್ಟೇ. ಡಾಕ್ಟರೂ ಈ ಕಡೆಯವರೇ. ಮೇಜಿನ ಮೇಲಿದ್ದ ತಮ್ಮ ಕೊಬ್ಬರಿ-ಬೆಲ್ಲದ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿ ಹೇಳಿದರು: "ಮಾತ್ರೆ ಹಸಿವಿಗೆ ಕಣಮ್ಮ. ಹಸಿವಿಲ್ದೆ ತಿನ್ನೋದಕ್ಕೆ ನನ್ಹತ್ರ ಔಷಧಿ ಇಲ್ಲ."

ವಾಪಸು ಬರುವ ಬಸ್ಸಿನಲ್ಲಿ ಚಿಕ್ಕಗೌರಮ್ಮ ಗಂಟು ಬಿಚ್ಚಿ, ಇದ್ದ ಕೊಬ್ಬರಿಯನ್ನೆಲ್ಲ ಅಕ್ಕಪಕ್ಕದವರಿಗೆ ಹಂಚಿಬಿಟ್ಟಳು. ಅಂದಿನಿಂದ ಬೆಳಿಗ್ಗೆ ಅರ್ಧ ಮಾತ್ರೆ, ಕಾಯಿ ಒಡೆಯಲು ಕೂತರೆ ಹಲ್ಲಿನ ನಡುವೆ ಬೇವಿನ ಕಡ್ಡಿ. ಕಡ್ಡಿ ಕಚ್ಚಿಕೊಂಡು ಮಾತೂ ಆಡಲಾಗದ್ದರಿಂದ ಮಾಯಣ್ಣ ಡಾಕ್ಟರಿಗೆ ಮನಸ್ಸಿನಲ್ಲೇ ಕೈಮುಗಿದ. ತೂಕದ ಮುಳ್ಳು ತಿಂಗಳಿಂದ ತಿಂಗಳಿಗೆ ಹಿಂದೆ ಸರಿಯಿತು.

ದೀಪಾವಳಿಯ ಹಿಂದಿನ ದಿನ ಏಣಿ ಹಾಕಿಸಿದಳು. ಕೇರಿಯ ಅರ್ಧ ಜನ ನಡುಮನೆಯಲ್ಲಿ ನೆರೆದಿದ್ದರು. ತಲೆ ಹೋಯಿತು, ಭುಜ ಹೋಯಿತು. ಸೊಂಟದ ಬಳಿ ಏಣಿ ಕಿರುಗುಟ್ಟಿತು. ಓಬಮ್ಮ ಕತ್ತೆತ್ತಿ ನೋಡಿದಳು. ಚಿಕ್ಕಗೌರಮ್ಮ ಒಮ್ಮೆ ಓರೆಯಾಗಿ ತಿರುಗಿದಳು; ಸರಕ್ಕನೆ ಮೇಲೇರಿ ಕಾಲೂ ಕಾಣದಂತೆ ಮಾಯವಾದಳು!

"ಓಬೀ," ಮೇಲಿನಿಂದ ಅಪ್ಪಣೆ ಬಂತು, "ಬಾಯಿ ಬಿಟ್ಕೊಂಡ್ ನಿಂತ್ಯಲ್ಲೇ, ಕಾಯಿ ಹಾಕ್ತೀನಿ, ಮಂಕ್ರಿ ಹಿಡಿ!"

"ಹಿಡ್ದಿದೀನಿ ಕಣಕ್ಕಾ," ಎಂದಳು ಓಬಮ್ಮ, ನಗು ತಡೆಯಲಾಗದೆ. "ಗೆದ್ದ ಜೋರಲ್ಲಿ ನನ್ ತಲೆ ಮ್ಯಾಲ್ ಹಾಕ್ಬ್ಯಾಡಿ!"