ಪೂಜೆಗಿಟ್ಟ ಜೋಡಿನಳಿಗೆ ಬಂದೂಕು

೧೯೬೩ನೇ ಇಸವಿ. ದಾವಣಗೆರೆಯ ಮಂಡಿಪೇಟೆ ಹಿಂದಿನ ಓಣಿಯಲ್ಲಿ ನನ್ನದೊಂದು ಬಂದೂಕು ರಿಪೇರಿ ಅಂಗಡಿ ಇತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಆರು ವರ್ಷ ಫಿಟ್ಟರ್ ಆಗಿ ದುಡಿದವನು ನಾನು. ಊರಿಗೆ ಬಂದ ಮೇಲೆ ಕಲಿತ ಕೆಲಸ ಕೈಬಿಡಲಿಲ್ಲ. ಸರ್ಕಾರದ ಲೈಸೆನ್ಸ್ ಪಡೆದು ಬಾಗಿಲು ತೆರೆದು ಆಗಲೇ ಹನ್ನೆರಡು ವರ್ಷವಾಗಿತ್ತು. ಹತ್ತಿ ಮಂಡಿಯ ಸಾಹುಕಾರರು ಮರ್ಯಾದೆಗೆಂದು ಇಟ್ಟುಕೊಂಡ ಬಂದೂಕು, ಹರಿಹರದ ಕಡೆಯ ರೈತರು ಬೆಳೆಗೆ ಬೀಳುವ ಹಂದಿ ಓಡಿಸಲು ಇಟ್ಟುಕೊಂಡ ಬಂದೂಕು, ಎಲ್ಲವೂ ನನ್ನ ಬೆಂಚಿನ ಮೇಲೆ ಬಂದು ಹೋಗುತ್ತಿದ್ದವು.

ನನ್ನ ಬಾಯಿ ಸ್ವಲ್ಪ ಒರಟು. ಬಂದೂಕು ಹಿಡಿದು ಹೊಸಿಲು ದಾಟಿದವರಿಗೆ ನಮಸ್ಕಾರಕ್ಕಿಂತ ಮೊದಲು, “ನಳಿಗೆ ಬಾಗಿಸಿ ತೋರಿಸ್ರಿ” ಅನ್ನುತ್ತಿದ್ದೆ. ಜೋಡಿನಳಿಗೆ ಬಂದೂಕು ನಡುವಿನಲ್ಲಿ ಮಡಚಿಕೊಳ್ಳುತ್ತದೆ. ಹಿಂಭಾಗದಲ್ಲಿ ಹೆಬ್ಬೆರಳಿಗೆ ಸಿಗುವ ಒಂದು ಲೀವರ್ ಇರುತ್ತದೆ. ಅದನ್ನು ಪಕ್ಕಕ್ಕೆ ತಳ್ಳಿದರೆ ನಳಿಗೆ ಮುಂದಕ್ಕೆ ಬಾಗಿ, ಮದ್ದುಗುಂಡು ತುಂಬಿದ ತೋಟಾ ಕೂರುವ ಜಾಗ ಕಣ್ಣಿಗೆ ಬೀಳುತ್ತದೆ. ಎರಡು ತೂತಿನಲ್ಲೂ ಆ ಕಡೆಯ ಬೆಳಕು ಕಂಡರೆ ಮಾತ್ರ ಬಂದೂಕು ಖಾಲಿ. ಉಳಿದದ್ದೆಲ್ಲ ಬರೀ ಬಾಯಿಮಾತು. ಅಂಗಡಿಯ ಮೂಲೆಯಲ್ಲಿ ಮರಳು ತುಂಬಿದ ಒಂದು ದೊಡ್ಡ ಪೀಪಾಯಿ ಇಟ್ಟಿದ್ದೆ. ಮುಚ್ಚಿದ ಬಂದೂಕಿನ ಬಾಯಿ ಸದಾ ಅದರ ಕಡೆಗೇ ಇರಬೇಕು. ಇದು ನಾನೇ ಮಾಡಿಕೊಂಡ ಕಾನೂನು.

ಬನ್ನಿ ಹಬ್ಬ ಕಳೆದು ಹನ್ನೊಂದನೇ ದಿನ ಹರಿಹರದ ಹತ್ತಿರದ ಗುತ್ತೂರಿನ ಹಾಲೇಶಗೌಡರು ಬಂದರು. ನದಿ ದಂಡೆಯಲ್ಲಿ ಹೊಲ ಇದ್ದ ಅನುಕೂಲಸ್ಥರು, ವಯಸ್ಸು ಐವತ್ತೈದರ ಆಚೀಚೆ. ತಂದೆ ಕಾಲದ ಬಂದೂಕು ತಮ್ಮ ಹೆಸರಿಗೆ ಆದಾಗ ನನ್ನನ್ನು ಮನೆಗೇ ಕರೆಸಿಕೊಂಡು ಎರಡು ದಿನ ಪಾಠ ಹೇಳಿಸಿಕೊಂಡಿದ್ದರು. ನನ್ನ ಗಿರಾಕಿಗಳಲ್ಲೇ ಶಿಸ್ತಿನ ಮನುಷ್ಯ ಎಂದು ಹತ್ತು ಜನರ ಮುಂದೆ ನಾನು ಹೊಗಳುತ್ತಿದ್ದುದು ಅವರನ್ನೇ. ಅವತ್ತು ಕಂಬಳಿಯಲ್ಲಿ ಸುತ್ತಿದ ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಹರಿಹರದಿಂದ ಬಸ್ಸಿನಲ್ಲಿ ಬಂದಿದ್ದರು.

ನಳಿಗೆ ಬಾಗಿಸಿ ಅಂದೆ. ಅದೇ ಆಗುತ್ತಿಲ್ಲ, ಲೀವರ್ ಕಚ್ಚಿಕೊಂಡಿದೆ, ಅದಕ್ಕೇ ತಂದದ್ದು ಅಂದರು. ಮನೆಯಲ್ಲಿ ಮರದ ಕೊಡತಿಯಿಂದ ಬಡಿದೂ ನೋಡಿದ್ದರಂತೆ, ಜಗ್ಗಲಿಲ್ಲವಂತೆ. ಕೈಗೆ ತೆಗೆದುಕೊಂಡು ನೋಡಿದರೆ ಕಾರಣ ಕಣ್ಣೆದುರೇ ಇತ್ತು. ಆಯುಧಪೂಜೆಯ ಕುಂಕುಮ, ಗಂಧ, ತೆಂಗಿನಕಾಯಿ ನೀರು ಎಲ್ಲವೂ ಲೀವರಿನ ಸಂದಿಗೆ ಇಳಿದು, ಒಣಗಿ, ತುಕ್ಕಿನ ಜೊತೆ ಸೇರಿ ಗಾರೆಯಾಗಿತ್ತು.

ಖಾಲಿ ಇದೆಯೋ ಇಲ್ಲವೋ ಎಂದು ಕೇಳಿದೆ. ಗೌಡರ ಮುಖ ಸಣ್ಣದಾಯಿತು. ಹಬ್ಬದ ಹಿಂದಿನ ದಿನ ತಮ್ಮ ಕೈಯಾರೆ ತೋಟಾ ತೆಗೆದು ನಳಿಗೆ ಒರೆಸಿ ಇಟ್ಟಿದ್ದಾಗಿಯೂ, ನಾನು ಕಲಿಸಿದ ಪಾಠ ನನಗೇ ಒಪ್ಪಿಸಬೇಕಾದ್ದು ನಾಚಿಕೆಯ ಸಂಗತಿಯೆಂದೂ ಹೇಳಿದರು. ಸುಳ್ಳು ಹೇಳುವ ಮನುಷ್ಯ ಅಲ್ಲ. ನಿಜ ಹೇಳುತ್ತೇನೆ, ನಾನು ನಂಬಿದೆ. ಆದರೂ ಹನ್ನೆರಡು ವರ್ಷದ ಚಟ, ಕೈ ತಾನಾಗಿ ಬಂದೂಕಿನ ಬಾಯಿಯನ್ನು ಪೀಪಾಯಿಯ ಕಡೆ ತಿರುಗಿಸಿ ಬೆಂಚಿನ ಇಕ್ಕಳದಂಥ ವೈಸಿಗೆ ಬಿಗಿಯಿತು.

ಗೌಡರು ನಕ್ಕರು. “ಖಾಲಿ ಬಂದೂಕಿಗೆ ಇಷ್ಟೆಲ್ಲಾ ಉಪಚಾರ ಯಾಕ ಮೇಸ್ತ್ರಿ?”

“ನಿಮ್ಮನ್ನ ನಂಬ್ತೀನಿ ಗೌಡ್ರೇ, ಬಂದೂಕನ್ನ ನಂಬಲ್ಲ” ಅಂದೆ. ಅಂದುಬಿಟ್ಟೆ, ಆದರೆ ಒಳಗೊಳಗೇ ಸಂಕೋಚವಾಯಿತು. ಹಿರಿಯರ ಮನಸ್ಸು ನೋಯಿಸಿದೆನಲ್ಲ ಎಂದು ಚಹಾ ತರಿಸಿದೆ.

ಸಂದಿಗೆ ಸೀಮೆಎಣ್ಣೆ ಬಿಟ್ಟು ಒಂದು ತಾಸು ಕಾದೆ. ಆಮೇಲೆ ಬಿದಿರುಕಡ್ಡಿಯಿಂದ ಕೆರೆದು, ಲೀವರನ್ನು ಮೆಲ್ಲಗೆ ಒತ್ತಿದೆ. ಮೂರನೇ ಸಲಕ್ಕೆ ಅದು ಸರಿಯಿತು, ನಳಿಗೆ ಬಾಗಿತು. ಒಳಗೆ ಬೆಳಕು ಕಾಣಲಿಲ್ಲ. ಎರಡು ತೂತಿನಲ್ಲೂ ಎರಡು ಹಿತ್ತಾಳೆ ಬಿಲ್ಲೆ ಹೊಳೆದವು. ಎರಡೂ ತೋಟಾ, ಎರಡೂ ಜೀವಂತ.

ಸಿಟ್ಟಿನಿಂದ ಬಾಯಿಗೆ ಬಂದದ್ದು ಅನ್ನಬೇಕೆಂದು ತಿರುಗಿದರೆ ಗೌಡರು ಗೋಡೆ ಹಿಡಿದು ಕುಸಿದು ಕೂತಿದ್ದರು. ಕೂತಲ್ಲಿಂದಲೇ ಅಂದರು.

“ಕೊಡತಿ ನನ್ನ ಕೈಲಿತ್ತು ಮೇಸ್ತ್ರಿ. ನಳಿಗೆ ರುದ್ರೇಶಿ ಹಿಡ್ಕೊಂಡಿದ್ದ, ಅಲ್ಲಾಡಬಾರದು ಅಂತ ಹೊಟ್ಟೆಗೆ ಆನಿಸ್ಕೊಂಡು.”

ರುದ್ರೇಶಿ ಅವರ ಒಬ್ಬನೇ ಮಗ, ಇಪ್ಪತ್ತೆರಡರ ಹುಡುಗ. ಗುಂಡು ಹಾರದಂತೆ ತಡೆಯುವ ಸೇಫ್ಟಿ ಎಂಬ ಸಣ್ಣ ಗುಂಡಿ ಹಿಂದಕ್ಕೆ ಇದ್ದದ್ದರಿಂದ ಅವತ್ತು ಅವನು ಉಳಿದ. ಹಳೇ ಬಂದೂಕಿನಲ್ಲಿ ಆ ಗುಂಡಿಯನ್ನೂ ನೆಚ್ಚುವಂತಿಲ್ಲ; ಬಡಿದ ಪೆಟ್ಟಿಗೇ ಗುಂಡು ಹಾರಿದ್ದನ್ನು ನಾನು ಕಂಡಿದ್ದೇನೆ. ಇದನ್ನು ಗೌಡರಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಅವರ ಹೆದರಿಕೆಯೆಲ್ಲ ಸಿಟ್ಟಾಗಿ ತಿರುಗಿತು. ತಾವು ತೆಗೆದ ತೋಟಾ ಮತ್ತೆ ಹಾಕಿದವರು ಯಾರು? ಹಬ್ಬಕ್ಕೆ ಮುಂಚೆ ರುದ್ರೇಶಿ ಶಿಕಾರಿಗೆ ಹೋಗುತ್ತೇನೆಂದು ಬಂದೂಕು ಕೇಳಿದ್ದನಂತೆ. ಲೈಸೆನ್ಸ್ ಇಲ್ಲದ ಕೈ ಮುಟ್ಟಕೂಡದು ಎಂದು ಅಪ್ಪ ಬೈದಿದ್ದರಂತೆ. ಕದ್ದು ತುಂಬಿಟ್ಟವನು ಅವನೇ, ಅಂಥವನು ಇನ್ನು ನನ್ನ ಮನೆಯಲ್ಲಿ ಇರುವುದು ಬ್ಯಾಡ ಎಂದು ಎದ್ದೇ ಬಿಟ್ಟರು. ಸಾವಿನಿಂದ ಉಳಿದ ಮಗನನ್ನು ಅಪ್ಪನೇ ಮನೆಯಿಂದ ಹೊರಗೆ ಹಾಕುವ ಹಾಗಾಯಿತಲ್ಲ ಎಂದು ನನಗೆ ದಿಗಿಲಾಯಿತು. ತೋಟಾ ತೆಗೆದು, ಬಂದೂಕನ್ನು ಕಬ್ಬಿಣದ ಪೆಟ್ಟಿಗೆಗೆ ಹಾಕಿ, ‘ತುಂಬಿದ್ದ ಸ್ಥಿತಿಯಲ್ಲಿ ಬಂತು’ ಎಂದು ರಿಜಿಸ್ಟರಿನಲ್ಲಿ ಬರೆದು, ಅಂಗಡಿಗೆ ಬೀಗ ಜಡಿದು ಅವರ ಹಿಂದೆಯೇ ಬಸ್ಸು ಹತ್ತಿದೆ.

ಗುತ್ತೂರು ಮುಟ್ಟಿದಾಗ ಹೊತ್ತು ಮಧ್ಯಾಹ್ನ ತಿರುಗಿತ್ತು. ಗೌಡರು ಕಾಲು ಕೂಡ ತೊಳೆಯಲಿಲ್ಲ. ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತಿದ್ದ ಮಗನ ಮುಂದೆ ನಿಂತು ಕೇಳಿದರು. ಹುಡುಗ ತಾನು ಮುಟ್ಟಿಲ್ಲ ಅಂದ. ಮತ್ತೆ ಕೇಳಿದರು, ಮತ್ತೆ ಅದನ್ನೇ ಅಂದ. ಗೌಡರ ಕೈ ಮೇಲೆದ್ದಿತು. ನಾನು ನಡುವೆ ಹೋಗಬೇಕು ಅನ್ನುವಷ್ಟರಲ್ಲಿ ಅವರ ಹೆಂಡತಿ ಗಂಗಮ್ಮನವರು ಕಾಲಿಗೆ ನೀರಿನ ತಂಬಿಗೆ ಹಿಡಿದು ಒಳಗಿನಿಂದ ಬಂದರು.

“ಅವನ್ನ ಯಾಕ ಬೈತೀರಿ? ತೋಟಾ ಹಾಕಿದ್ದು ನಾನು.”

ಗೌಡರ ಎತ್ತಿದ ಕೈ ಅಲ್ಲೇ ನಿಂತಿತು. ಆಯಮ್ಮ ಮಾತ್ರ, ಇದರಲ್ಲಿ ಬೆರಗಾಗುವಂಥದ್ದು ಏನಿದೆ ಎಂಬಂತೆ ನಮ್ಮ ಮುಖ ನೋಡಿದರು.

“ಬರಿದು ಕೊಡ, ಬರಿದು ಮೊರ ದೇವರ ಮುಂದೆ ಇಡ್ತೀವೇನ್ರಿ? ಬಿತ್ತೋ ಕೂರಿಗೆ ಬಟ್ಟಲಿಗೂ ಜೋಳ ತುಂಬಿ ಇಟ್ಟೆ. ಇದೊಂದನ್ನ ಹೆಂಗೆ ಬರಿದು ಇಡ್ಲಿ?”

ತುಂಬುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಾವ ತುಂಬಿದ್ದನ್ನು, ಗಂಡ ತುಂಬಿದ್ದನ್ನು ಮೂವತ್ತು ವರ್ಷ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದ್ದರು. ತೋಟಾದ ಚರ್ಮದ ಪಟ್ಟಿ ಬಂದೂಕಿನ ಗೂಟದಲ್ಲೇ ತೂಗುತ್ತಿತ್ತು. ಹಬ್ಬದ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಮಡಿಯಲ್ಲಿ ಎರಡು ತೋಟಾ ಹಾಕಿ ಪೂಜೆಗೆ ಇಟ್ಟರು. ಪೂಜೆ ಮುಗಿದ ಮೇಲೆ ಬಂದೂಕನ್ನು ಎತ್ತಿ ಗೂಟಕ್ಕೆ ಹಾಕಿದ್ದು ಗೌಡರೇ. ಯಜಮಾನರು ಎತ್ತಿದರಲ್ಲ, ನೋಡಿಯೇ ಇರುತ್ತಾರೆ ಎಂದು ಇವರು ಸುಮ್ಮನಾದರು. ನಾನೇ ಖಾಲಿ ಮಾಡಿದ್ದೇನಲ್ಲ ಎಂದು ಗೌಡರು ಸುಮ್ಮನಾದರು. ಕೊಡತಿಯಿಂದ ಬಡಿದ ದಿನ ಗಂಗಮ್ಮನವರು ಹರಿಹರದ ತಂಗಿ ಮನೆಯಲ್ಲಿದ್ದರು.

ಬಡಿಯುವಾಗ ನಳಿಗೆ ಎಲ್ಲಿತ್ತು ಎಂಬುದನ್ನು ಗೌಡರು ಹೇಳಿದರು. ಗಂಗಮ್ಮನವರು ಅಳಲಿಲ್ಲ, ಕೂಗಲಿಲ್ಲ. ತಂಬಿಗೆ ಕೆಳಗಿಟ್ಟು, ಮಗನ ಹತ್ತಿರ ಹೋಗಿ, ಕೂಸಿನ ಮೈ ಮುಟ್ಟಿ ನೋಡುವ ಹಾಗೆ ಅವನ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತರು. ಗೌಡರು ಎತ್ತಿದ್ದ ಕೈಯಿಂದಲೇ ಮಗನ ಭುಜ ಹಿಡಿದುಕೊಂಡರು.

ಅವತ್ತಿನಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿಲ್ಲ. ಆಯಮ್ಮನ ಕೈಯ ರೊಟ್ಟಿ ಎಷ್ಟು ಸಲ ಉಂಡಿದ್ದೆನೋ. ಇದೇ ಪಡಸಾಲೆಯಲ್ಲಿ ಎರಡು ದಿನ ಪಾಠ ಹೇಳಿದ್ದೆ, ಅವರು ಬಾಗಿಲಲ್ಲಿ ನಿಂತಿದ್ದನ್ನೂ ನೋಡಿದ್ದೆ. ಒಂದು ಸಲ, ಒಂದೇ ಒಂದು ಸಲ, ಇತ್ತ ಬನ್ನಿ ತಾಯಿ, ನೀವೂ ಕೇಳಿ ಎಂದು ಕರೆದಿರಲಿಲ್ಲ. ಲೈಸೆನ್ಸಿನಲ್ಲಿ ಇರುವುದು ಗೌಡರ ಹೆಸರು, ಪಾಠ ಅವರಿಗೆ ಸಾಕು ಅಂದುಕೊಂಡಿದ್ದ ಜಾಣ ನಾನು. ತಪ್ಪು ನನ್ನದು ಎಂದು ಒಪ್ಪಿಕೊಂಡೆ.

“ಹಂಗಾದ್ರೆ ಈಗ ಹೇಳಿಕೊಡ್ರಿ” ಅಂದರು ಗಂಗಮ್ಮನವರು.

ಮುಂದಿನ ವಾರ ಬಂದೂಕನ್ನು ತೊಳೆದು ಎಣ್ಣೆ ಹಾಕಿ ನಾನೇ ಒಯ್ದುಕೊಟ್ಟೆ. ಗೌಡರು, ಗಂಗಮ್ಮನವರು, ರುದ್ರೇಶಿ ಮೂವರನ್ನೂ ಕೂಡಿಸಿಕೊಂಡು ಮೊದಲಿನಿಂದ ಪಾಠ ಹೇಳಿದೆ. ಗಂಡಸರಿಬ್ಬರೂ ತಲೆ ಆಡಿಸಿದರು. ಗಂಗಮ್ಮನವರು ಪ್ರಶ್ನೆ ಕೇಳಿದರು. ಬಂದೂಕೂ ತೋಟಾನೂ ಒಂದೇ ಗೂಟದಲ್ಲಿ ಯಾಕೆ ಇರಬೇಕು ಎಂದು ಕೇಳಿದವರು ಅವರೇ. ಅವತ್ತೇ ತೋಟಾದ ಪಟ್ಟಿ ಬೀಗವಿರುವ ಟ್ರಂಕಿಗೆ ಹೋಯಿತು, ಕೀಲಿ ಗೌಡರ ಉಡದಾರಕ್ಕೆ. ಬಂದೂಕನ್ನು ಯಾರಾದರೂ ನಿಮ್ಮ ಎದುರೇ ಖಾಲಿ ಮಾಡಿ ಕೊಟ್ಟರೂ, ನಿಮ್ಮ ಕೈಗೆ ಬಂದ ಮೇಲೆ ನೀವೇ ಬಾಗಿಸಿ ಬೆಳಕು ನೋಡಬೇಕು, ಗಂಡ ಹೆಂಡತಿ ಎಂಬ ದಾಕ್ಷಿಣ್ಯ ಬ್ಯಾಡ ಅಂದೆ. ಅದಾದ ಮೇಲೆ ಇಪ್ಪತ್ತು ವರ್ಷ ಅಂಗಡಿ ನಡೆಸಿದೆ. ಮನೆಮಂದಿಯನ್ನೆಲ್ಲ ಕೂಡಿಸದೆ ಯಾರಿಗೂ ಪಾಠ ಹೇಳಲಿಲ್ಲ. ಲೈಸೆನ್ಸ್ ಒಬ್ಬರ ಹೆಸರಿಗೆ ಇರುತ್ತದೆ, ಬಂದೂಕಿನ ಜೊತೆ ಬಾಳುವವರು ಮನೆಯವರೆಲ್ಲ.

ಮರುವರ್ಷದ ಆಯುಧಪೂಜೆಗೆ ಗೌಡರು ಕರೆ ಕಳಿಸಿದರು. ಹೋದೆ. ಜಗುಲಿಯ ಮೇಲೆ ನೇಗಿಲು, ಕೂರಿಗೆ, ಕುಡುಗೋಲಿನ ಸಾಲಿನಲ್ಲಿ ಬಂದೂಕು ನಳಿಗೆ ಬಾಗಿಸಿಕೊಂಡು ಮಲಗಿತ್ತು. ತೋಟಾ ಕೂರುವ ಎರಡೂ ತೂತಿನಲ್ಲಿ ಒಂದೊಂದು ಹಳದಿ ಸೇವಂತಿಗೆ.

“ಬರಿದು ಇಟ್ಟಿಲ್ಲ ನೋಡ್ರಿ ಮೇಸ್ತ್ರಿ” ಅಂದರು ಗಂಗಮ್ಮನವರು.

ಹೂವಿನ ತೇವಕ್ಕೆ ನಳಿಗೆ ತುಕ್ಕು ಹಿಡಿಯುತ್ತದೆ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ರುದ್ರೇಶಿ ಆರತಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದ. ಪೂಜೆ ಮುಗಿದ ಮೇಲೆ ಹೂ ತೆಗೆದು, ಬೆಳಕು ನೋಡಿ, ನಳಿಗೆಗೆ ನಾನೇ ಎಣ್ಣೆ ಹಚ್ಚಿ ಬಂದೆ.