ಮನೆಯವನೆಂದು ಬರೆಯದೆ ಬಿಟ್ಟ ಹೆಸರು

ನನಗೆ ಸಿಟ್ಟು ಬೇಗ ಬರುತ್ತದೆ. ಮದುವೆಯಾಗಿ ಬನಹಟ್ಟಿಗೆ ಬಂದ ಹೊಸತರಲ್ಲೇ ಅತ್ತೆ, "ಸಿಟ್ಟಿನ್ಯಾಗ ಕೊಯ್ಕೊಂಡ ಮೂಗು ಶಾಂತ ಆದಮ್ಯಾಲ ಬರೂದಿಲ್ಲ ಯವ್ವಾ," ಎಂದು ಬುದ್ಧಿ ಹೇಳಿದ್ದರು. ಹೇಳಿ ಏನು ಬಂತು? ಗಂಡ ಸೀರೆ ಮಾರಲು ಊರೂರು ತಿರುಗುವವರು. ಮಗ್ಗಗಳ ಉಸ್ತುವಾರಿ ನನ್ನದು ಮತ್ತು ಮಾವನದು. ದಿನವಿಡೀ ವಿದ್ಯುತ್ ಮಗ್ಗದ ಸದ್ದಿನ ನಡುವೆ ಕೂಗಿ ಕೂಗಿಯೇ ಮಾತಾಡಬೇಕಾದವಳಿಗೆ ಶಾಂತಿ ಎಲ್ಲಿಂದ ಬರಬೇಕು!

ನಮ್ಮಲ್ಲಿ ಮಗ್ಗ ಬೇರೆ, ಮನೆ ಬೇರೆ ಎಂಬುದಿಲ್ಲ. ಅಡುಗೆಮನೆಗೂ ಮಗ್ಗಗಳಿಗೂ ನಡುವೆ ಒಂದೇ ಗೋಡೆ. ನೇಯುವವರಲ್ಲಿ ಎಲ್ಲರಿಗಿಂತ ಹಳಬರು ಕಾಕಾ. ಸಾವಳಗಿಯಿಂದ ಮೀಸೆ ಚಿಗುರುವ ವಯಸ್ಸಿನಲ್ಲಿ ಬಂದವರು, ಇಲ್ಲಿಯೇ ಉಳಿದರು. ನಮಗೆ ರಕ್ತಸಂಬಂಧವಿಲ್ಲ. ಆದರೂ ಮಾವನನ್ನು ಅವರು ಅಣ್ಣಾ ಎನ್ನುತ್ತಿದ್ದರು, ನನ್ನ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ್ದರು.

ಒಮ್ಮೆ ಮುಧೋಳದಲ್ಲಿ ಸಣ್ಣ ಉದ್ದಿಮೆಯವರಿಗೆ ಕಾರ್ಮಿಕ ಕಾನೂನು ತಿಳಿಸುವ ಸಭೆ ಇತ್ತು. ನಾನೇ ಹೋಗಿದ್ದೆ. ಕೆಲಸಗಾರರ ಹೆಸರು ಬರೆದಿಡಬೇಕು, ಪಗಾರಕ್ಕೆ ಚೀಟಿ ಕೊಡಬೇಕು, ಅಪಘಾತಕ್ಕೆ ವಿಮೆ ಮಾಡಿಸಬೇಕು ಎಂದರು. ಬಂದವಳೇ ವಿಮೆಗೆ ಹೆಸರು ಬರೆಯಲು ಕೂತೆ. ಕಾಕಾನ ಹೆಸರಿಗೆ ಬಂದಾಗ ಮಾವ ನನ್ನ ಕೈ ಹಿಡಿದರು.

"ಆಂವನ ಹೆಸರ ಕೂಲಿ ಆಳಗೋಳ ಜೋಡಿ ಬರೀತಿ? ನಾಚ್ಗಿ ಬರೂದಿಲ್ಲೇನ? ಆಂವ ನಮ್ಮ ಮನಿ ಮನಷ್ಯಾ!"

ಬಾಗಿಲಲ್ಲಿದ್ದ ಕಾಕಾನ ಮುಖ ಅರಳಿತು. ನನಗೆ ಮೈ ಉರಿಯಿತು. "ಮನಿ ಮನಷ್ಯಾ ಯಾರು, ಆಳ ಯಾರು ಅಂತ ಲಾಳಿಗೆ ಗೊತ್ತಿರತೈತೇನ್ರಿ ಮಾವಾರ?" ಎಂದೆ. ಲಾಳಿ ಎಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆಗಳ ನಡುವೆ ನೂಲು ಹೊತ್ತು ಅತ್ತಿಂದಿತ್ತ ಓಡುವ, ತುದಿಗೆ ಕಬ್ಬಿಣವಿರುವ ಕಟ್ಟಿಗೆ. ಅದು ಹಾದಿ ತಪ್ಪಿ ಹಾರಿದರೆ ಗುಂಡು ಹಾರಿದಂತೆಯೇ. ಇಷ್ಟೆಲ್ಲ ಜಗಳ ಮಾಡಿಯೂ ನಾನು ಗೆಲ್ಲಲಿಲ್ಲ. ಕಾಕಾನ ಹೆಸರು ಬಿಟ್ಟು ಉಳಿದವರದೆಲ್ಲ ಹೋಯಿತು.

ಮುಂದೆ ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ. ಗೋಡೆಯಾಚೆ ಒಂದು ಮಗ್ಗದ ಸದ್ದು ನಿಂತು, ಯಾರೋ ಚೀರಿದರು. ಓಡಿದೆ. ಕಾಕಾ ನೆಲದ ಮೇಲೆ ಕೂತಿದ್ದರು. ಎಡಗಣ್ಣಿಗೆ ಅಂಗೈ ಒತ್ತಿದ್ದರು, ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಲಾಳಿ ದೂರದ ಗೋಡೆಯ ಬುಡದಲ್ಲಿ ಬಿದ್ದಿತ್ತು.

ಜಮಖಂಡಿಗೆ ಕಾರಿನಲ್ಲಿ ಒಯ್ಯುವಾಗ ಮಾವ ನಮ್ಮ ತೆರಿಗೆ ಕಾಗದ ನೋಡುವವನಿಗೆ ಫೋನ್ ಹಚ್ಚಿದರು. ಅವನ ದನಿ ನನಗೂ ಕೇಳುತ್ತಿತ್ತು. "ಮನ್ಯಾಗ ಬಿದ್ದಾನ ಅಂತ ಹೇಳ್ರಿ. ಇಲ್ಲಾಂದ್ರ ಪೊಲೀಸ್ರು, ಚೌಕಶಿ, ಮಗ್ಗಕ್ಕ ಬೀಗ. ಸುಳ್ಳೂ ಅಲ್ಲಲ್ಲ, ನಿಮ್ಮ ಮಗ್ಗ ಇರೂದ ಮನ್ಯಾಗ." ಮಾವ ಕಾಕಾನ ಕಡೆ ನೋಡಿದರು. ಕಾಕಾ ಆಗಲಿ ಎಂದು ತಲೆಯಾಡಿಸಿದರು. ಅಯ್ಯೋ ದೇವರೇ, ಕಣ್ಣಿನಿಂದ ರಕ್ತ ಸೋರುವಾಗಲೂ ತಲೆಯಾಡಿಸಿದರು!

ಆಸ್ಪತ್ರೆಯಲ್ಲಿ ಡಾಕ್ಟರು ಹೆಂಗಾತು ಎಂದು ಕೇಳಿದರು.

"ಮನ್ಯಾಗ ಕಾಲ ಜಾರಿ ಬಿದ್ದೇನ್ರಿ," ಎಂದರು ಕಾಕಾ.

ಡಾಕ್ಟರು ಬರೆದುಕೊಳ್ಳತೊಡಗಿದರು. ಅದು ಹಾಗೇ ಉಳಿದರೆ ಈ ಮನುಷ್ಯನಿಗೆ ನಾಳೆ ಕಾನೂನಿನಿಂದ ಬಿಡಿಗಾಸೂ ಸಿಗುವುದಿಲ್ಲ ಎಂಬುದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅವರ ಪೆನ್ನಿಗೆ ಕೈ ಅಡ್ಡ ಹಿಡಿದೆ.

"ಸುಳ್ಳ ರೀ ಡಾಕ್ಟರ! ನಮ್ಮ ಮಗ್ಗದ ಲಾಳಿ ಬಡದೈತಿ. ದುಡಿಯುವಾಗ ಬಡದೈತಿ!"

ಕಾಕಾ ನನ್ನ ಕೈ ಹಿಡಿದರು. "ಯವ್ವಾ, ಸುಮ್ನಿರು. ಅಣ್ಣಾಗ ತ್ರಾಸ ಆಕ್ಕೈತಿ."

"ನೀವ ಸುಮ್ನಿರ್ರಿ ಕಾಕಾ!"

ಡಾಕ್ಟರು ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದರು, ಪೊಲೀಸರಿಗೆ ತಿಳಿಸಲೇಬೇಕು ಎಂದರು. ಕಣ್ಣು ಉಳಿಯಲಿಲ್ಲ. ಮಾವ ನನ್ನ ಜೊತೆ ಮಾತು ಬಿಟ್ಟರು. ನೀರು ಬೇಕಾದರೂ ಮಕ್ಕಳನ್ನು ಕೇಳುತ್ತಿದ್ದರು.

ಗಾಯ ಮಾಯ್ದ ಮೇಲೆ ಕಾಕಾ ಹಟ ಮಾಡಿ ಮಗ್ಗಕ್ಕೆ ಬಂದರು. ಒಂದು ಎಳೆ ಹರಿಯಿತು. ಗಂಟು ಹಾಕಲು ಬೆರಳು ಚಾಚಿದರು, ಬೆರಳು ಎಳೆಯ ಈಚೆಗೇ ನಿಂತಿತು. ಮತ್ತೆ ಚಾಚಿದರು, ಈ ಸಲ ದಾಟಿ ಹೋಯಿತು. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುತ್ತಿರಲಿಲ್ಲ. ಮಾವ ಆಚೆ ನಿಂತು ನೋಡುತ್ತಿದ್ದರು. ಅವರೂ ನೇಕಾರರೇ, ಎಳೆ ಕಟ್ಟಲಾರದವನು ನೇಯಲಾರ ಎಂಬುದನ್ನು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಕಾರ್ಮಿಕ ಇಲಾಖೆಯ ಅಧಿಕಾರಿ ವಿಚಾರಣೆಗೆ ಬಂದರು. ಪಡಸಾಲೆಯಲ್ಲಿ ಕೂತು, ಮಾವನನ್ನು ತೋರಿಸಿ ಕಾಕಾನನ್ನು ಕೇಳಿದರು.

"ಇವರ ನಿಮಗ ಏನಾಗಬೇಕ್ರಿ?"

"ಅಣ್ಣಾ ಆಗಬೇಕ್ರಿ."

"ಸ್ವಂತ?"

"ಸ್ವಂತಕ್ಕಿಂತಾ ಹೆಚ್ಚ ರೀ."

ಅಧಿಕಾರಿ ಪೆನ್ನು ಕೆಳಗಿಟ್ಟರು. "ನೋಡ್ರಿ ಅಜ್ಜಾರ, ಕೂಲಿಗೆ ದುಡದವ್ರಿಗೆ ಹೆಸರ ಬರದಿರ್ಲಿ, ಬಿಟ್ಟಿರ್ಲಿ, ಪರಿಹಾರ ಸಿಗತೈತಿ. ಮನಿ ಮಂದಿ ಕೈಗೂಡಿಸ್ಯಾರ ಅಂದ್ರ ಸಿಗೂದಿಲ್ಲ. ಖರೆ ಹೇಳ್ರಿ, ನೀವ ಯಾರು?"

"ನನಗ ಏನೂ ಬ್ಯಾಡ್ರಿ. ನಾ ಮನಿಯವನ."

ವಿಮೆಯಲ್ಲಿ ಹೆಸರಿಲ್ಲದ್ದರಿಂದ ಕೊಡಬೇಕಾದವರು ನಾವೇ. ಮಗ್ಗ ಮಾರದೆ ಕೊಡುವಂತಿರಲಿಲ್ಲ. ಮಾವ ಸುಮ್ಮನಿದ್ದುಬಿಟ್ಟರೆ ಮಗ್ಗಗಳು ಉಳಿಯುತ್ತಿದ್ದವು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಎದ್ದು ನಿಂತರು.

"ಆಂವ ನನ್ನ ತಮ್ಮ ಅಲ್ರಿ ಸಾಹೇಬ್ರ. ನಾ ಮಾಲಕ, ಆಂವ ಆಳು. ಪಗಾರ ಕೊಟ್ಟ ದುಡಿಸ್ಕೊಂಡೇನಿ. ಬರಕೋರಿ."

ಕಾಕಾ ಕಪಾಳಕ್ಕೆ ಹೊಡೆಸಿಕೊಂಡವರಂತೆ ನೋಡಿದರು. "ಅಣ್ಣಾ..." ಎಂದರು.

"ಅಣ್ಣಾ ಅನಬ್ಯಾಡ," ಮಾವ ಅವರ ಕಡೆ ನೋಡದೆ ಅಂದರು. "ಸಾಹೇಬ್ರ ಬರಕೊಳ್ಳಾಕತ್ತಾರ."

ಕಾಕಾ ಸಹಿ ಮಾಡಿ ಹಿತ್ತಲಿನ ತಮ್ಮ ಕೋಣೆಗೆ ಹೋದರು. ಅಧಿಕಾರಿಯ ಗಾಡಿ ತಿರುವು ದಾಟಿದ ಮೇಲೆ ಮಾವ, ಆಸ್ಪತ್ರೆಯ ದಿನದಿಂದ ಮೊದಲ ಸಲ, ನನ್ನೊಡನೆ ಮಾತಾಡಿದರು.

"ಬರಕೊಂಡ ಹೋದ್ರಲ್ಲ? ಇನ್ನ ಆಂವನ್ನ ಊಟಕ್ಕ ಕರಕೊಂಡ ಬಾ ಯವ್ವಾ. ನಾ ಕರದ್ರ ಬರಾಂಗಿಲ್ಲ."

ಹೋದೆ. ಕಾಕಾ ಹೊಸ್ತಿಲ ಮೇಲೆ ಕೂತಿದ್ದರು. ಊಟಕ್ಕೆ ಏಳಿ ಎಂದೆ. ಮುಖ ಒರೆಸಿಕೊಂಡು, "ಬರತೇನಿ ಅಂತ ಮಾಲಕರಿಗೆ ಹೇಳವ್ವಾ," ಎಂದರು.

ಒಳಗೆ ಬಂದಾಗ ಮಾವ ಬಾಗಿಲನ್ನೇ ನೋಡುತ್ತಿದ್ದರು. ಏನಂದ ಎಂದು ಕೇಳಿದರು. ಬರತಾರಂತರಿ ಎಂದಷ್ಟೇ ಹೇಳಿ, ತಾಟು ಹಾಕಿದೆ.