ಹಗ್ಗ ಎಳೆದವರ ಪಾಲು

ಬಂಗಡೆ ಮೀನು ತುಂಬಿದ ಬುಟ್ಟಿ ಹಿಡಿದು ಜಟ್ಟಪ್ಪಣ್ಣ ನೇರ ಆ ಇಬ್ಬರು ಹುಡುಗರತ್ತ ನಡೆದಾಗ ನನಗೆ ಗಾಬರಿಯಾಯಿತು. ತೆಂಗಿನಗುಂಡಿಯ ಕಡಲದಂಡೆಯಲ್ಲಿ ಆಗಷ್ಟೇ ಊರವರೆಲ್ಲ ಸೇರಿ, ಈ ಹುಡುಗರೂ ಕೈಗೂಡಿಸಿ, ಕಡಲಿಗೆ ಬಿಟ್ಟ ಉದ್ದನೆಯ ರಂಪಣಿ ಬಲೆಯನ್ನು ಹಗ್ಗ ಹಿಡಿದು ದಡಕ್ಕೆ ಎಳೆದು ಮುಗಿಸಿದ್ದರು. ಈ ಹುಡುಗರು ಜಟ್ಟಪ್ಪಣ್ಣನ ದೋಣಿಯ ಇಂಜಿನ್ ಕದ್ದು ಸಿಕ್ಕಿಬಿದ್ದವರು. ಸಣ್ಣ ಪ್ರಾಯದವರನ್ನು ಠಾಣೆಯ ಮೆಟ್ಟಿಲು ಹತ್ತಿಸದೆ ಊರಲ್ಲೇ ತಿದ್ದೋಣ ಎಂದು ಮನೆಮನೆ ತಿರುಗುವ ಗುಂಪು ನಮ್ಮದು. ಜಟ್ಟಪ್ಪಣ್ಣನ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡಿದ್ದೆವು. "ಆತು, ನನ್ನ ಬಲೆ ಎಳೀಲಿ" ಎಂದು ಕೊನೆಗೆ ದೂರಿನ ಮಾತು ಬಿಟ್ಟಿದ್ದರು.

ಈಗ ನೋಡಿದರೆ ಅವರು ಹುಡುಗರಿಗೆ ಮೀನು ಕೊಡಲು ಹೊರಟಿದ್ದಾರೆ! ನಾನು ಓಡಿಹೋಗಿ ತಡೆದೆ.

"ಬೇಡ ಜಟ್ಟಪ್ಪಣ್ಣ, ಇವರು ಶಿಕ್ಷೆಗೆ ಬಂದವರು."

ಅವರು ನನ್ನನ್ನೇ ಗದರಿದರು. "ಎಂತ ಅಕ್ಕೋರೆ, ಹಗ್ಗಕ್ಕೆ ಕೈ ಹಚ್ಚಿದವ್ರಿಗೆಲ್ಲ ಪಾಲು ಕೊಡೂದೇ. ಇವ್ರನ್ನ ಬರಿಗೈಲಿ ಕಳಿಸಿ ನಾಳೆ ಯಾವ ಮುಖ ಇಟ್ಕೊಂಡು ಕಡಲಿಗೆ ಇಳೂದು?"

ಪಾಲು ಸಿಗುತ್ತದೆಂದು ಎಣಿಸದ ಹುಡುಗರು ಚೀಲವನ್ನೇ ತಂದಿರಲಿಲ್ಲ. ಒಬ್ಬ ಅಂಗಿ ಬಿಚ್ಚಿ ಒಡ್ಡಿದ. ಮಿಣಮಿಣ ಮಿನುಗುವ ಬಂಗಡೆ ಅದರೊಳಗೆ ಬಿದ್ದದ್ದೇ ತಡ, ದಂಡೆಯ ಮೇಲಿದ್ದವರೆಲ್ಲ ಹೋ ಎಂದು ನಕ್ಕರು. ತಲೆ ತಗ್ಗಿಸಿಯೇ ಇದ್ದ ಆ ಹುಡುಗರೂ ನಕ್ಕರು. ನನಗಂತೂ ನಗುವಿನ ಜೊತೆ ಕಣ್ಣೀರೂ ಬಂತು.

ಇದಾದ ಮೇಲೆ ಮೊನ್ನೆ ಮಾವಳ್ಳಿಯಲ್ಲಿ ಇಂಥದೇ ವಿಷಯಕ್ಕೆ ನಮ್ಮ ಗುಂಪಿನ ಸಭೆ. ತಪ್ಪು ಮಾಡಿದ ಹುಡುಗನಿಗೆ ಯಾವ ಕೆಲಸ ಹಚ್ಚಬೇಕೆಂದು ಎಲ್ಲರೂ ಲೆಕ್ಕ ಹಾಕುತ್ತಿದ್ದರು. ನಾನು ಎದ್ದುನಿಂತು ಕೇಳಿದೆ: "ಆ ಕೆಲಸದಲ್ಲಿ ಅವನಿಗೆ ಸಿಗುವ ಪಾಲೆಷ್ಟು?"